ಕೌಂಟರ್ ಕೈಕೊಟ್ಟಾಗ: ಕ್ಯಾಂಪಸ್ ಪುಸ್ತಕ ಮಳಿಗೆಗೊಂದು ದೋಷ ನಿವಾರಣೆ ಕೈಪಿಡಿ

ನಾನು ಕೆಲಸ ಮಾಡುವ ಮಳಿಗೆ ವಿಶ್ವವಿದ್ಯಾಲಯದ ಲೈಬ್ರರಿಗೆ ಅಂಟಿಕೊಂಡೇ ಇದೆ. ಅರ್ಧ ಅಂಗಡಿ ಪುಸ್ತಕ, ನೋಟ್‌ಬುಕ್ಕು. ಇನ್ನರ್ಧ ಕ್ಯಾಲ್ಕುಲೇಟರ್, ಪೆನ್‌ಡ್ರೈವ್, ಇಯರ್‌ಫೋನ್, ಪವರ್‌ಬ್ಯಾಂಕ್. ಕೌಂಟರ್ ಮೇಲೆ ಒಂದು ಕಂಪ್ಯೂಟರ್, ಸ್ಕ್ಯಾನರ್, ಬಿಲ್ ಪ್ರಿಂಟರ್, ಸೌಂಡ್‌ಬಾಕ್ಸ್, ಸ್ವೈಪ್ ಮಷೀನ್. ವರ್ಷವಿಡೀ ತೆಪ್ಪಗಿರುವ ಈ ಸಾಮಾನುಗಳು ಅಡ್ಮಿಷನ್ ಶುರುವಾಗಿ ಕ್ಯೂ ಬಾಗಿಲು ದಾಟಿದ ದಿನವೇ ಮುನಿಸಿಕೊಳ್ಳುತ್ತವೆ.

ಮೊದಮೊದಲು ನಾನು ಎಲ್ಲಕ್ಕೂ ಸರ್ವೀಸ್‌ನವರಿಗೆ ಫೋನ್ ಮಾಡುತ್ತಿದ್ದೆ. ಅವರು ಬಂದು ಪೇಪರ್ ರೋಲ್ ತಿರುಗಿಸಿ ಹಾಕಿ, ವಿಸಿಟ್ ಚಾರ್ಜ್ ತಗೊಂಡು ಹೋಗುತ್ತಿದ್ದರು. ಎರಡು ಮೂರು ಸಲ ಹೀಗಾದ ಮೇಲೆ ಬುದ್ಧಿ ಬಂತು. ಈಗ ಏನೇ ಕೆಟ್ಟರೂ ಮೊದಲು ಕೇಳುವುದು ಒಂದೇ ಮಾತು: "ಇದು ಕೆಡೋಕೆ ಮುಂಚೆ ಯಾರು, ಏನು ಮುಟ್ಟಿದ್ರಿ?" ಬೈಯೋಕಲ್ಲ. ಉತ್ತರ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಬಿಲ್ ಪೂರ್ತಿ ಬಿಳಿ ಬರುತ್ತಿದೆ

ಪ್ರಿಂಟರ್ ಸದ್ದು ಮಾಡುತ್ತದೆ, ಕಾಗದ ಹೊರಗೆ ಬರುತ್ತದೆ, ಅಕ್ಷರ ಮಾತ್ರ ಇಲ್ಲ. ಇಂಕ್ ಮುಗಿದಿದೆ ಅಂತ ಹೊಸ ಹುಡುಗರು ಹೇಳುತ್ತಾರೆ. ಈ ಪ್ರಿಂಟರ್‌ನಲ್ಲಿ ಇಂಕೇ ಇಲ್ಲ. ಕಾಗದದ ಒಂದು ಮೈಗೆ ಮಾತ್ರ ರಾಸಾಯನಿಕದ ಲೇಪನ ಇರುತ್ತದೆ, ಬಿಸಿ ತಾಗಿದರೆ ಕಪ್ಪಾಗುತ್ತದೆ. ರೋಲಿನ ತುದಿಯನ್ನು ಉಗುರಿನಿಂದ ಜೋರಾಗಿ ಗೀಚಿ ನೋಡಿ. ಗೆರೆ ಬಿದ್ದ ಮೈ ಪ್ರಿಂಟ್ ಹೆಡ್ (ಕಾಗದಕ್ಕೆ ಬಿಸಿ ತಾಗಿಸುವ ಭಾಗ) ಕಡೆ ಇರಬೇಕು. ಎರಡೂ ಕಡೆ ಗೆರೆ ಬೀಳದಿದ್ದರೆ ಅದು ಥರ್ಮಲ್ ಕಾಗದವೇ ಅಲ್ಲ, ಅಂಗಡಿಯವನು ಬೇರೆ ರೋಲ್ ಕೊಟ್ಟಿದ್ದಾನೆ. ಅಗಲವನ್ನೂ ನೋಡಿಕೊಳ್ಳಿ: 58 ಮಿ.ಮೀ. ಮತ್ತು 80 ಮಿ.ಮೀ. ಎರಡು ಅಳತೆ ಬಳಕೆಯಲ್ಲಿವೆ, ನಮ್ಮವರು ಎರಡನ್ನೂ ಒಮ್ಮೆ ತಂದಿದ್ದಾರೆ.

ಬಿಲ್ ಉದ್ದಕ್ಕೂ ಒಂದು ಬಿಳಿ ಗೆರೆ ಬಂದರೆ ಹೆಡ್ ಮೇಲೆ ಧೂಳು ಕೂತಿದೆ. ಪ್ರಿಂಟರ್ ಆಫ್ ಮಾಡಿ, ಹೆಡ್ ತಣ್ಣಗಾಗಲು ಬಿಡಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಆನ್ ಮಾಡಿ. ಬ್ಲೇಡು, ಸ್ಕ್ರೂಡ್ರೈವರ್ ಹತ್ತಿರಕ್ಕೂ ತರಬೇಡಿ. ಒರೆಸಿದ ಮೇಲೂ ಗೆರೆ ಅದೇ ಜಾಗದಲ್ಲಿದ್ದರೆ ಹೆಡ್‌ನ ಆ ಭಾಗ ಸುಟ್ಟಿದೆ, ಅದು ನಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ.

ಏನೂ ತೋಚದಿದ್ದರೆ ಪ್ರಿಂಟರ್ ಆಫ್ ಮಾಡಿ, ಫೀಡ್ ಬಟನ್ ಒತ್ತಿ ಹಿಡಿದುಕೊಂಡು ಆನ್ ಮಾಡಿ. ಹೆಚ್ಚಿನ ಮಾಡೆಲ್‌ಗಳು ಆಗ ತಮ್ಮದೇ ಒಂದು ಪರೀಕ್ಷಾ ಚೀಟಿ ಕೊಡುತ್ತವೆ. ಚೀಟಿ ಚೆನ್ನಾಗಿ ಬಂತು ಅಂದರೆ ಪ್ರಿಂಟರ್ ಆರೋಗ್ಯವಾಗಿದೆ. ತೊಂದರೆ ಕೇಬಲ್ಲಿನದ್ದು ಅಥವಾ ಕಂಪ್ಯೂಟರಿನದ್ದು. ಈ ಒಂದು ಪರೀಕ್ಷೆ ನಮಗೆ ಎಷ್ಟೋ ವಿಸಿಟ್ ಚಾರ್ಜ್ ಉಳಿಸಿದೆ.

ಇನ್ನೊಂದು ದೂರು ತಿಂಗಳುಗಳ ನಂತರ ಬರುತ್ತದೆ: "ಸಾರ್, ವಾರಂಟಿ ಬಿಲ್ ಬಿಳಿ ಆಗಿಬಿಟ್ಟಿದೆ." ಐಡಿ ಕಾರ್ಡಿನ ಪ್ಲಾಸ್ಟಿಕ್ ಕವರ್‌ನಲ್ಲಿ, ಬಿಸಿಲಿನಲ್ಲಿ, ಬೈಕಿನ ಸೀಟಿನಡಿ ಇಟ್ಟ ಥರ್ಮಲ್ ಬಿಲ್ಲಿನ ಹಣೆಬರಹವೇ ಅದು. ಎಲೆಕ್ಟ್ರಾನಿಕ್ಸ್ ಮಾರುವಾಗ "ಬಿಲ್ ಫೋಟೋ ತೆಗ್ದುಕೋಪ್ಪಾ" ಅಂತ ಆಗಲೇ ಹೇಳಿಬಿಡಿ.

ಸ್ಕ್ಯಾನರ್ ಬೀಪ್ ಅನ್ನುತ್ತದೆ, ಬಿಲ್‌ನಲ್ಲಿ ಏನೂ ಬರುವುದಿಲ್ಲ

ಸ್ಕ್ಯಾನರ್ ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಕೀಬೋರ್ಡ್, ಅಷ್ಟೇ. ಅದು ಓದಿದ ಅಂಕಿಗಳನ್ನು ನಾವು ಟೈಪ್ ಮಾಡಿದ ಹಾಗೆ ಕಳಿಸುತ್ತದೆ. ಹಾಗಾಗಿ ನೋಟ್‌ಪ್ಯಾಡ್ ತೆರೆದು ಒಂದು ಪುಸ್ತಕ ಸ್ಕ್ಯಾನ್ ಮಾಡಿ. ಅಲ್ಲಿ 13 ಅಂಕಿ ಬಂದರೆ ಸ್ಕ್ಯಾನರ್ ಸರಿಯಿದೆ. ಬಿಲ್ಲಿಂಗ್ ಪರದೆಯಲ್ಲಿ ಕರ್ಸರ್ ಬೇರೆ ಖಾನೆಯಲ್ಲಿ ಕೂತಿತ್ತು, ಅಷ್ಟೇ. ಒಮ್ಮೆ ನಮ್ಮಲ್ಲಿ ಕರ್ಸರ್ ‘ಎಷ್ಟು ಪ್ರತಿ’ ಅನ್ನುವ ಖಾನೆಯಲ್ಲಿತ್ತು. ಒಬ್ಬ ಹುಡುಗನಿಗೆ ಲಕ್ಷಾಂತರ ಕೋಟಿ ರೂಪಾಯಿಯ ಬಿಲ್ ಪರದೆಯಲ್ಲಿ ಬಂತು. ಅವನು ತಣ್ಣಗೆ "ಡಿಸ್ಕೌಂಟ್ ಇದ್ಯಾ ಸಾರ್?" ಅಂದ.

ಅಂಕಿ ಬರುತ್ತದೆ, ಆದರೆ ಮುಂದಿನ ಸಾಲಿಗೆ ಹೋಗುವುದಿಲ್ಲ ಅಂದರೆ ಸ್ಕ್ಯಾನರ್ ಕೊನೆಯಲ್ಲಿ ಎಂಟರ್ ಕಳಿಸುತ್ತಿಲ್ಲ. ಸ್ಕ್ಯಾನರ್ ಜೊತೆ ಬಂದ ಚಿಕ್ಕ ಪುಸ್ತಕದಲ್ಲಿ ಅದಕ್ಕೆಂದೇ ಒಂದು ಬಾರ್‌ಕೋಡ್ ಇರುತ್ತದೆ, ಅದನ್ನು ಒಮ್ಮೆ ಸ್ಕ್ಯಾನ್ ಮಾಡಿದರೆ ಸರಿ. ಆ ಪುಸ್ತಕವನ್ನು ಡಬ್ಬದ ಜೊತೆ ರದ್ದಿಗೆ ಹಾಕಬೇಡಿ. ನಮ್ಮದು ಕೌಂಟರ್ ಡ್ರಾಯರ್ ಒಳಮೈಗೆ ಟೇಪ್ ಹಾಕಿ ಅಂಟಿಸಿದೆ.

ನಮ್ಮೂರಿನ ಮಳಿಗೆಗಳಿಗೇ ಮೀಸಲಾದ ಒಂದು ತೊಂದರೆ ಇದೆ. ಯಾರೋ ಕನ್ನಡದಲ್ಲಿ ಪತ್ರ ಟೈಪ್ ಮಾಡಿ, ಕೀಬೋರ್ಡನ್ನು ಕನ್ನಡದಲ್ಲೇ ಬಿಟ್ಟು ಹೋಗಿರುತ್ತಾರೆ. ಆಗ ನಾವೇ ಅಂಟಿಸಿದ ನಮ್ಮ ಮಳಿಗೆಯ ಕೋಡ್‌ಗಳಲ್ಲಿ ಇಂಗ್ಲಿಷ್ ಅಕ್ಷರ ಇದ್ದರೆ ಅವು ಕನ್ನಡ ಅಕ್ಷರವಾಗಿ ಬಿಲ್‌ಗೆ ಬರುತ್ತವೆ, ‘ಐಟಂ ಇಲ್ಲ’ ಅನ್ನುತ್ತದೆ. ಪರದೆಯ ಕೆಳಗಿನ ಮೂಲೆಯಲ್ಲಿ ಭಾಷೆ ಯಾವುದಿದೆ ನೋಡಿ, ಇಂಗ್ಲಿಷ್‌ಗೆ ತಿರುಗಿಸಿ.

ಒಂದೊಂದು ಪುಸ್ತಕ ಮಾತ್ರ ಓದುವುದಿಲ್ಲವೇ? ಹೊಳೆಯುವ ಲ್ಯಾಮಿನೇಷನ್ ಇದ್ದರೆ ಸ್ಕ್ಯಾನರನ್ನು ಸ್ವಲ್ಪ ಓರೆ ಹಿಡಿಯಿರಿ. ಬಾರ್‌ಕೋಡನ್ನು ಕೆಂಪು ಬಣ್ಣದಲ್ಲಿ ಛಾಪಿಸಿದ್ದರೆ ಕೆಂಪು ಬೆಳಕಿನ ಸ್ಕ್ಯಾನರ್‌ಗೆ ಅದು ಕಾಣುವುದೇ ಇಲ್ಲ, ಚಂದಕ್ಕಾಗಿ ಹಾಗೆ ಮಾಡಿದ ಪ್ರಕಾಶಕರು ಇದ್ದಾರೆ. 13ರ ಬದಲು 18 ಅಂಕಿ ಬಂದರೆ, ಪಕ್ಕದಲ್ಲಿರುವ ಚಿಕ್ಕ ಬಾರ್‌ಕೋಡನ್ನೂ ಸೇರಿಸಿ ಓದುತ್ತಿದೆ. ವಿದೇಶಿ ಪುಸ್ತಕಗಳಲ್ಲಿ ಆ 5 ಅಂಕಿ ಅಲ್ಲಿಯ ಬೆಲೆ. 2007ಕ್ಕೆ ಮೊದಲಿನ ಪುಸ್ತಕಗಳಲ್ಲಿ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) 10 ಅಂಕಿಯದ್ದು. ಅದರ ಮುಂದೆ ಬರೀ 978 ಸೇರಿಸಿ ಟೈಪ್ ಮಾಡಿದರೆ ಸಾಲದು, ಕೊನೆಯ ಅಂಕಿಯ ಲೆಕ್ಕವೂ ಬದಲಾಗುತ್ತದೆ. ಸುಮ್ನೆ ಹೆಸರಿನಿಂದ ಹುಡುಕುವುದೇ ಬೇಗ.

ಎಲೆಕ್ಟ್ರಾನಿಕ್ಸ್ ಡಬ್ಬಗಳ ಮೇಲೆ ಎರಡು ಮೂರು ಬಾರ್‌ಕೋಡ್ ಇರುತ್ತವೆ. ಒಂದು ವಸ್ತುವಿನದ್ದು, ಇನ್ನೊಂದು ಆ ಪೀಸಿನ ಸೀರಿಯಲ್ ನಂಬರು. ಸ್ಕ್ಯಾನರ್ ಯಾವುದನ್ನು ಹಿಡಿಯಿತೋ ಅದನ್ನೇ ಕಳಿಸುತ್ತದೆ. ಬೇಡದ್ದನ್ನು ಬೆರಳಿಂದ ಮುಚ್ಚಿ ಸ್ಕ್ಯಾನ್ ಮಾಡಿ.

ಕನ್ನಡ ಪುಸ್ತಕದ ಹೆಸರು ಗೋಜಲಾಗಿದೆ

ಹೆಸರಿನ ಜಾಗದಲ್ಲಿ ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಬಂದರೆ ವೈರಸ್ ಅಲ್ಲ. ಯಾರೋ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಹಾಗೇ ತಂದು ತುಂಬಿದ್ದಾರೆ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಪಟ್ಟಿಯನ್ನು ಅಲ್ಲಿ ಬದಲಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ಮತ್ತೆ ತುಂಬಿ.

ಪರದೆಯಲ್ಲಿ ಕನ್ನಡ ಸರಿಯಿದ್ದು ಬಿಲ್‌ನಲ್ಲಿ ಮಾತ್ರ ಪ್ರಶ್ನೆ ಚಿಹ್ನೆ ಬಂದರೆ ಕಥೆ ಬೇರೆ. ಪ್ರಿಂಟರಿನ ಒಳಗೇ ಇರುವ ಅಕ್ಷರಗಳಲ್ಲಿ ಕನ್ನಡ ಇಲ್ಲ. ರೂಪಾಯಿ ಚಿಹ್ನೆಯದ್ದೂ ಇದೇ ಪಾಡು: ಅದು ಬಂದದ್ದೇ 2010ರಲ್ಲಿ, ಎಷ್ಟೋ ಪ್ರಿಂಟರ್‌ಗಳ ಪಟ್ಟಿಯಲ್ಲಿ ಅದಿಲ್ಲ. ಬಿಲ್ಲನ್ನು ಬರಹದ ಬದಲು ಚಿತ್ರವಾಗಿ ಕಳಿಸುವ ಆಯ್ಕೆ ಸಾಫ್ಟ್‌ವೇರ್‌ನಲ್ಲಿದ್ದರೆ ಅದನ್ನು ಆರಿಸಿ. ಸ್ವಲ್ಪ ನಿಧಾನ ಆಗುತ್ತದೆ, ಕ್ಯೂ ಇರುವ ದಿನ ನಾನು ಮತ್ತೆ ಇಂಗ್ಲಿಷ್‌ಗೆ ಹೋಗುತ್ತೇನೆ.

ಪುಸ್ತಕಕ್ಕೆ ಜಿಎಸ್‌ಟಿ ಬಿದ್ದಿದೆ

ಇದನ್ನು ಹಿಡಿಯುವವರು ಕಾಮರ್ಸ್ ಓದುವವರು. ಅಚ್ಚಾದ ಪುಸ್ತಕಕ್ಕೆ ತೆರಿಗೆ ಇಲ್ಲ. ಕ್ಯಾಲ್ಕುಲೇಟರ್, ಪೆನ್‌ಡ್ರೈವ್, ಇಯರ್‌ಫೋನ್‌ಗೆ ಶೇ. 18. ಒಂದೇ ಕೌಂಟರ್‌ನಲ್ಲಿ ಎರಡೂ ಮಾರುವ ನಮಗೆ ಇಲ್ಲೇ ಎಡವಟ್ಟಾಗುವುದು. ಹೊಸ ಪುಸ್ತಕ ಸೇರಿಸುವಾಗ ಕೆಲಸ ಬೇಗ ಆಗಲಿ ಅಂತ ಹಿಂದಿನ ಐಟಂ ಕಾಪಿ ಮಾಡುತ್ತೇವೆ. ಹಿಂದಿನದ್ದು ಪೆನ್‌ಡ್ರೈವ್ ಆಗಿದ್ದರೆ ಪುಸ್ತಕಕ್ಕೂ ಅದರದ್ದೇ ಎಚ್‌ಎಸ್‌ಎನ್ (ತೆರಿಗೆಗಾಗಿ ಸರಕಿನ ಬಗೆ ಗುರುತಿಸುವ ಸಂಖ್ಯೆ), ಅದರದ್ದೇ ದರ ಬರುತ್ತದೆ. ಪುಸ್ತಕದ ಎಚ್‌ಎಸ್‌ಎನ್ 4901. ಪಟ್ಟಿಯನ್ನು ಎಕ್ಸೆಲ್‌ಗೆ ತೆಗೆದು, 4901 ಇದ್ದೂ ದರ ಸೊನ್ನೆ ಇಲ್ಲದ ಸಾಲುಗಳನ್ನು ಒಮ್ಮೆ ಸೋಸಿ. ಆಮೇಲೆ ತೆರಿಗೆ ಇರುವ ಸಾಲುಗಳಲ್ಲಿ ಪುಸ್ತಕದ ಹೆಸರು ಇಣುಕುತ್ತಿದೆಯಾ ಅಂತಲೂ ನೋಡಿ.

ನೋಟ್‌ಬುಕ್ಕು, ಪೆನ್ಸಿಲ್, ರಬ್ಬರ್‌ಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಸೊನ್ನೆಯಾಗಿದೆ. ಹಳೆಯ ಬ್ಯಾಕಪ್‌ನಿಂದ ಪಟ್ಟಿ ವಾಪಸ್ ತಂದಿದ್ದರೆ ಹಳೆಯ ದರವೂ ಅದರ ಜೊತೆ ವಾಪಸ್ ಬಂದಿರುತ್ತದೆ, ಜೋಪಾನ. ಆಗಲೇ ಹರಿದು ಕೊಟ್ಟ ಬಿಲ್ ತಿದ್ದುವುದಕ್ಕೆ ಹೋಗಬೇಡಿ. ಎಷ್ಟು ಬಿಲ್ ತಪ್ಪಾಗಿದೆ ಅಂತ ಪಟ್ಟಿ ಮಾಡಿ ಲೆಕ್ಕ ನೋಡುವವರ ಕೈಗೆ ಕೊಡಿ.

ಬಿಲ್ ಬೆಲೆ ಮತ್ತು ಪುಸ್ತಕದ ಹಿಂದಿನ ಬೆಲೆ ಬೇರೆಯಾಗಿದ್ದರೆ ಮರುಮುದ್ರಣ ನೋಡಿ. ಐಎಸ್‌ಬಿಎನ್ ಅದೇ, ಬೆಲೆ ಮಾತ್ರ ಏರಿರುತ್ತದೆ. ಕೈಯಲ್ಲಿರುವ ಪ್ರತಿಯ ಮೇಲಿನ ಬೆಲೆಗಿಂತ ಜಾಸ್ತಿ ತಗೋಬೇಡಿ.

"ದುಡ್ಡು ಕಟ್ ಆಗಿದೆ ಸಾರ್", ಆದರೆ ಸೌಂಡ್‌ಬಾಕ್ಸ್ ಮಾತಾಡಿಲ್ಲ

ಇಡೀ ಕೈಪಿಡಿಯಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ಇಲ್ಲಿ ಎಡವಿದರೆ ಹೋಗುವುದು ದುಡ್ಡು.

ಮೊದಲು ಸೌಂಡ್‌ಬಾಕ್ಸ್ ನೋಡಿ. ಚಾರ್ಜ್ ಇದೆಯಾ, ವಾಲ್ಯೂಮ್ ಇದೆಯಾ, ಒಳಗಿನ ಸಿಮ್‌ಗೆ ಸಿಗ್ನಲ್ ಇದೆಯಾ. ನಮ್ಮದು ಕಬ್ಬಿಣದ ಕಪಾಟಿನ ಮೇಲಿದ್ದಾಗ ಆಗಾಗ ಮೂಕವಾಗುತ್ತಿತ್ತು, ಕಿಟಕಿ ಹತ್ತಿರ ಇಟ್ಟ ಮೇಲೆ ಸರಿಹೋಯಿತು. ಬಾಕ್ಸ್ ಮಾತಾಡದಿದ್ದರೂ ದುಡ್ಡು ಬಂದಿರಬಹುದು. ಆದ್ದರಿಂದ ಎರಡನೇ ಹೆಜ್ಜೆ: ನಮ್ಮ ವ್ಯಾಪಾರಿ ಆ್ಯಪ್ ತೆರೆದು ಪಾವತಿ ಪಟ್ಟಿ ನೋಡುವುದು. ವಿದ್ಯಾರ್ಥಿಯ ಫೋನಿನ ಹಸಿರು ಟಿಕ್ ಅಲ್ಲ, ಸ್ಕ್ರೀನ್‌ಶಾಟ್ ಅಂತೂ ಅಲ್ಲವೇ ಅಲ್ಲ. ಹಾಗೆ ಕಾಣುವ ನಕಲಿ ಆ್ಯಪ್‌ಗಳಿವೆ.

ನಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ, ಅವರ ಆ್ಯಪ್‌ನಲ್ಲಿ ಸ್ಥಿತಿ ಏನಿದೆ ಕೇಳಿ. ‘ಪೆಂಡಿಂಗ್’ ಅಂದರೆ ಇನ್ನೂ ದಾರಿಯಲ್ಲಿದೆ, ಮತ್ತೊಮ್ಮೆ ಕಳಿಸಲು ಅವಸರ ಮಾಡಬೇಡಿ, ಎರಡು ಸಲ ಕಟ್ಟಾಗುವುದು ಹೀಗೇ. ‘ಸಕ್ಸಸ್’ ಅಂತಿದ್ದರೆ ಯಾರ ಹೆಸರಿಗೆ ಹೋಗಿದೆ ಅಂತ ಓದಿಸಿ. ನಮ್ಮ ಮಳಿಗೆಯ ಹೆಸರೇ ಇದ್ದರೆ 12 ಅಂಕಿಯ ರೆಫರೆನ್ಸ್ ನಂಬರ್ ಬರೆದುಕೊಳ್ಳಿ. ಬೇರೆ ಯಾರದ್ದೋ ಹೆಸರಿದ್ದರೆ ಕೆಲಸ ಅಲ್ಲೇ ನಿಲ್ಲಿಸಿ, ಕೌಂಟರಿನ ಕ್ಯೂಆರ್ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿ ನೋಡಿ. ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸಿರುತ್ತಾರೆ. ಹಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸ್ಟಿಕ್ಕರ್ ಹರಿಯಬೇಡಿ, ಅದು ಸಾಕ್ಷಿ.

ಕಳೆದ ಮಳೆಗಾಲದ ಒಂದು ಸಂಜೆ. ಮೊದಲ ವರ್ಷದ ಹುಡುಗಿ, ಕೈಯಲ್ಲಿ ಕ್ಯಾಲ್ಕುಲೇಟರ್ ಮತ್ತು ಎರಡು ಪುಸ್ತಕ. ಸಾವಿರ ಚಿಲ್ಲರೆ ಕಟ್ಟಾಗಿದೆ, ನಮಗೆ ಬಂದಿಲ್ಲ. ಹೊರಗೆ ಮಳೆ, ಊರಿನ ಬಸ್ಸಿಗೆ ಹತ್ತೇ ನಿಮಿಷ. ಕಣ್ಣಲ್ಲಿ ನೀರು ಬರೋದೊಂದು ಬಾಕಿ. "ನೋಡಮ್ಮಾ, ದುಡ್ಡು ಎಲ್ಲೂ ಹೋಗಲ್ಲ" ಅಂತ ಹೇಳಿ, ರೆಫರೆನ್ಸ್ ನಂಬರಿನ ಚೀಟಿಯನ್ನು ಎರಡು ಪ್ರತಿ ಬರೆದೆವು, ಒಂದು ಅವಳಿಗೆ, ಒಂದು ಕ್ಯಾಲ್ಕುಲೇಟರಿನ ಡಬ್ಬಕ್ಕೆ ರಬ್ಬರ್ ಬ್ಯಾಂಡ್ ಹಾಕಿ ನಮ್ಮ ಡ್ರಾಯರ್‌ಗೆ. ಪುಸ್ತಕ ಅವತ್ತೇ ಕೊಟ್ಟು ಕಳಿಸಿದೆ, ಮರುದಿನ ಟೆಸ್ಟ್ ಇತ್ತಂತೆ. ಮೂರನೇ ದಿನ ದುಡ್ಡು ಅವಳ ಖಾತೆಗೆ ವಾಪಸ್ ಬಂತು, ಬಂದು ಕಟ್ಟಿ ಡಬ್ಬ ತಗೊಂಡು ಹೋದಳು.

ನಿಯಮವೂ ಹಾಗೇ ಇದೆ. ಗ್ರಾಹಕರ ಖಾತೆಯಿಂದ ಕಟ್ಟಾಗಿ ಅಂಗಡಿಗೆ ಖಾತ್ರಿ ಬಾರದಿದ್ದರೆ, ವ್ಯವಹಾರ ನಡೆದ ದಿನದಿಂದ 5 ದಿನದೊಳಗೆ ದುಡ್ಡು ತಾನಾಗಿ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಇದು, ಕಾರ್ಡ್ ಸ್ವೈಪ್‌ಗೂ ಅನ್ವಯ. ಅಷ್ಟರವರೆಗೆ ಗಲ್ಲಾಪೆಟ್ಟಿಗೆಯಿಂದ ನಗದು ವಾಪಸ್ ಕೊಡಬೇಡಿ. ಕೊಟ್ಟರೆ ಅವರಿಗೆ ಎರಡು ಕಡೆಯಿಂದ ಬರುತ್ತದೆ, ನಿಮಗೆ ಸಂಜೆ ಲೆಕ್ಕ ಕೂಡುವುದಿಲ್ಲ.

"ಸೌಂಡ್‌ಬಾಕ್ಸ್ ಕಂಪನಿಯಿಂದ ಮಾತಾಡ್ತಿದೀವಿ, ಈ ಆ್ಯಪ್ ಹಾಕ್ಕೊಳ್ಳಿ, ಪಿನ್ ಒತ್ತಿ" ಅನ್ನುವ ಫೋನ್ ಬಂದರೆ ಇಟ್ಟುಬಿಡಿ. ದುಡ್ಡು ಪಡೆಯಲು ಪಿನ್ ಬೇಕಿಲ್ಲ.

ಬಿಲ್ ಮೇಲೆ ತಾರೀಖು ತಪ್ಪು

ಬೆಳಿಗ್ಗೆ ಆನ್ ಮಾಡಿದಾಗೆಲ್ಲ ಹಳೆಯ ವರ್ಷ ತೋರಿಸುತ್ತಿದ್ದರೆ, ಜೊತೆಗೆ ವೆಬ್‌ಸೈಟ್‌ಗಳು ‘ಸುರಕ್ಷಿತವಲ್ಲ’ ಅಂತ ತಕರಾರು ತೆಗೆದರೆ, ಕಂಪ್ಯೂಟರಿನ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದೆ. ಸಾಮಾನ್ಯವಾಗಿ ಸಿಆರ್ 2032, ತೀರಾ ಅಗ್ಗ. ಸದ್ಯಕ್ಕೆ ತಾರೀಖು ಕೈಯಾರೆ ಸರಿಮಾಡಿ, ಆಮೇಲೆ ಬಿಲ್ ಹಾಕಿ. ಏಪ್ರಿಲ್ 1ರ ಬೆಳಿಗ್ಗೆ ಬಿಲ್ಲೇ ಆಗುತ್ತಿಲ್ಲ ಅಂದರೆ ಅದು ದೋಷ ಅಲ್ಲ. ಸಾಫ್ಟ್‌ವೇರ್‌ನಲ್ಲಿ ಹೊಸ ಹಣಕಾಸು ವರ್ಷ ತೆರೆದಿಲ್ಲ.

ಕರೆಂಟ್ ಹೋದ ತಕ್ಷಣ ಎಲ್ಲ ಆಫ್

ಯುಪಿಎಸ್ ಇದ್ದೂ ಕಂಪ್ಯೂಟರ್ ಆಫ್ ಆದರೆ ಮೊದಲು ಅದಕ್ಕೆ ಏನೇನು ಚುಚ್ಚಿದ್ದೀರಿ ನೋಡಿ. ಲೇಸರ್ ಪ್ರಿಂಟರ್, ಫ್ಯಾನ್, ಟೀ ಕೆಟಲ್ ಕಂಡರೆ ಕಿತ್ತುಹಾಕಿ. ಕೆಟಲ್ ಅಂದದ್ದು ತಮಾಷೆಗಲ್ಲ, ನಮ್ಮಲ್ಲಿ ಇತ್ತು. ಆಮೇಲೆ ಸಂಜೆ ಮಳಿಗೆ ಮುಚ್ಚುವ ಹೊತ್ತಿಗೆ ಎಲ್ಲ ಸೇವ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಒಂದು ನಿಮಿಷವೂ ನಿಲ್ಲದಿದ್ದರೆ ಬ್ಯಾಟರಿ ಮುಗಿದಿದೆ. ಎರಡು ಮೂರು ವರ್ಷವಾಗಿದ್ದರೆ ಅದರ ಆಯಸ್ಸೇ ಅಷ್ಟು.

ಯುಪಿಎಸ್ ಬಿಚ್ಚುವ ಸಾಹಸ ಬೇಡ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಇರುತ್ತದೆ. ಉಬ್ಬಿದ್ದರೆ, ಸೀದ ವಾಸನೆ ಬಂದರೆ, ಆಫ್ ಮಾಡಿ ಟೆಕ್ನಿಷಿಯನ್ ಕರೆಯಿರಿ. ಕಂಪ್ಯೂಟರಿನ ಡಬ್ಬ ಅಥವಾ ಕ್ಯಾಶ್ ಡ್ರಾಯರ್ ಮುಟ್ಟಿದಾಗ ಜುಮ್ ಅನ್ನಿಸಿದರೆ ಅವತ್ತಿನ ವ್ಯಾಪಾರ ಬಿಲ್ ಬುಕ್ಕಿನಲ್ಲೇ ಆಗಲಿ. ಅರ್ಥಿಂಗ್ ಸರಿಯಿಲ್ಲ, ಎಲೆಕ್ಟ್ರಿಷಿಯನ್ ನೋಡುವವರೆಗೆ ಯಾರೂ ಮುಟ್ಟಬಾರದು. ಮಳೆಗಾಲದಲ್ಲಿ ಒದ್ದೆ ಕೊಡೆ ಹಿಡಿದು ಕೌಂಟರಿಗೆ ಒರಗುವ ಮಕ್ಕಳಿರುತ್ತಾರೆ.

"ಕ್ಯಾಲ್ಕುಲೇಟರ್ ತಪ್ಪು ಉತ್ತರ ಕೊಡ್ತಿದೆ"

ನಮ್ಮಲ್ಲಿ ವಾಪಸ್ ಬರುವ ಸಾಮಾನಿನಲ್ಲಿ ಇದಕ್ಕೇ ಮೊದಲ ಸ್ಥಾನ, ಮತ್ತು ಇದರಷ್ಟು ಕಡಿಮೆ ಕೆಟ್ಟಿರುವ ಸಾಮಾನು ಇನ್ನೊಂದಿಲ್ಲ.

ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೈಗೆ ಬಂದ ತಕ್ಷಣ ಸೈನ್ 30 ಒತ್ತಿ. 0.5 ಬಂದರೆ ಡಿಗ್ರಿಯಲ್ಲಿದೆ. ಮೈನಸ್ 0.988 ಬಂದರೆ ರೇಡಿಯನ್‌ಗೆ ಹೋಗಿದೆ. 0.4539 ಬಂದರೆ ಗ್ರೇಡಿಯನ್. ಪರದೆಯ ಮೇಲ್ತುದಿಯಲ್ಲಿ ಡಿ, ಆರ್, ಜಿ ಅಂತ ಒಂದು ಸಣ್ಣ ಅಕ್ಷರ ಇದನ್ನೇ ಹೇಳುತ್ತಿರುತ್ತದೆ, ಯಾರೂ ನೋಡುವುದಿಲ್ಲ. ಕ್ಯಾಸಿಯೋ 991 ಇಎಸ್ ಪ್ಲಸ್‌ನಲ್ಲಿ ಶಿಫ್ಟ್, ಮೋಡ್, 3 ಒತ್ತಿದರೆ ಡಿಗ್ರಿಗೆ ಬರುತ್ತದೆ. ಏನೇನೋ ಒತ್ತಿ ಪೂರ್ತಿ ಕಲಸಿದ್ದರೆ ಶಿಫ್ಟ್, 9, 3, ಸಮ ಚಿಹ್ನೆ, ಎಸಿ: ಅಂಗಡಿಯಿಂದ ಹೊರಟಾಗ ಹೇಗಿತ್ತೋ ಹಾಗಾಗುತ್ತದೆ. ಮೆಮೊರಿಯಲ್ಲಿ ಇಟ್ಟದ್ದೂ ಹೋಗುತ್ತದೆ, ಕೇಳಿಯೇ ಮಾಡಿ. ಉತ್ತರ ಭಿನ್ನರಾಶಿಯಲ್ಲೇ ಬರುತ್ತಿದೆ ಅನ್ನುವವರಿಗೆ ಎಸ್ ಮತ್ತು ಡಿ ನಡುವೆ ಬಾಣವಿರುವ ಗುಂಡಿ ತೋರಿಸಿದರೆ ಸಾಕು.

ಬಿ.ಕಾಂ. ಕಡೆಯವರ 12 ಅಂಕಿಯ ದೊಡ್ಡ ಕ್ಯಾಲ್ಕುಲೇಟರಿನದ್ದು ಇನ್ನೊಂದು ಬಗೆ. 150 ಒತ್ತಿ ಕೂಡಿಸಿದರೆ 1.50 ಅನ್ನುತ್ತದೆ. ಮೇಲಿನ ಜಾರುವ ಸ್ವಿಚ್ಚು ‘ಎ’ ಅಥವಾ ‘ಆ್ಯಡ್ 2’ರ ಮೇಲೆ ಕೂತಿದೆ, ಕೊನೆಯ ಎರಡು ಅಂಕಿಯನ್ನು ಪೈಸೆ ಅಂತ ಅದೇ ತಿಳಿದುಕೊಳ್ಳುತ್ತಿದೆ. ಸ್ವಿಚ್ಚನ್ನು ‘ಎಫ್’ ಕಡೆ ಸರಿಸಿ. ಬ್ಯಾಗಿನಲ್ಲಿ ಪುಸ್ತಕ ಉಜ್ಜಿ ಸ್ವಿಚ್ಚು ತಾನೇ ಜಾರುತ್ತದೆ.

ಇಷ್ಟಾದ ಮೇಲೂ ಅಂಕಿಯ ಅರ್ಧ ಗೆರೆ ಕಾಣದಿದ್ದರೆ, ಗುಂಡಿ ಒತ್ತಿದರೂ ಹಿಡಿಯದಿದ್ದರೆ ಅದು ನಿಜವಾದ ದೋಷ. ಬಿಚ್ಚಬೇಡಿ, ವಾರಂಟಿ ಹೋಗುತ್ತದೆ. ಪ್ರೋಗ್ರಾಂ ಮಾಡಬಹುದಾದ ಮಾಡೆಲ್ ತಗೊಂಡು ಹೋಗಿ, ಪರೀಕ್ಷೆಗೆ ಬಿಡಲಿಲ್ಲ ಅಂತ ವಾಪಸ್ ತಂದರೆ ಬದಲಾಯಿಸಿ ಕೊಡಿ. ಕೇಳದೆ ಮಾರಿದ್ದು ನಮ್ಮ ತಪ್ಪು.

ಪೆನ್‌ಡ್ರೈವ್: "32 ಅಂತ ಕೊಟ್ಟಿದೀರಾ, 29 ಇದೆ"

ಮೋಸ ಅಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ 32 ಜಿಬಿ ಅಂತ ಬರೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆದು 29.8ರ ಆಸುಪಾಸು ತೋರಿಸುತ್ತದೆ. ಜಾಗ ಇದ್ದೂ ದೊಡ್ಡ ವಿಡಿಯೋ ಕಾಪಿ ಆಗುತ್ತಿಲ್ಲ ಅಂದರೆ ಫಾರ್ಮ್ಯಾಟ್ ಫ್ಯಾಟ್ 32 ಇದೆ, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಒಳಗಿದ್ದದ್ದನ್ನು ಬೇರೆ ಕಡೆ ಇಟ್ಟು, ಎಕ್ಸ್‌ಫ್ಯಾಟ್‌ಗೆ ಬದಲಿಸಿ. ಪ್ರಾಜೆಕ್ಟ್ ರಿಪೋರ್ಟ್ ಇರುವ ಡ್ರೈವ್ ‘ಫಾರ್ಮ್ಯಾಟ್ ಮಾಡಲೇ?’ ಅಂತ ಕೇಳಿದರೆ ಮಾತ್ರ ‘ಇಲ್ಲ’ ಒತ್ತಿ, ಡೇಟಾ ತೆಗೆಯುವವರ ಹತ್ತಿರ ಕಳಿಸಿ. ಕೌಂಟರಿನ ಬಿಲ್ಲಿಂಗ್ ಕಂಪ್ಯೂಟರಿಗೆ ಯಾರ ಪೆನ್‌ಡ್ರೈವನ್ನೂ ಚುಚ್ಚಬೇಡಿ. ಪರೀಕ್ಷೆಗೆ ಹಳೆಯ ಲ್ಯಾಪ್‌ಟಾಪ್ ಒಂದು ಬೇರೆ ಇರಲಿ.

ಪವರ್‌ಬ್ಯಾಂಕ್ ಬೇಗ ಖಾಲಿ, ಅಥವಾ ಉಬ್ಬಿದೆ

ಮೊದಲನೆಯದ್ದು ಲೆಕ್ಕದ ವಿಷಯ. ಡಬ್ಬದ ಮೇಲಿನ 10,000 ಎಂಎಎಚ್ ಒಳಗಿನ ಸೆಲ್ಲಿನ 3.7 ವೋಲ್ಟ್‌ನಲ್ಲಿ ಅಳೆದದ್ದು. 5 ವೋಲ್ಟ್‌ಗೆ ಏರಿಸಿದಾಗ 7,400 ಆಗುತ್ತದೆ, ಅದರಲ್ಲೂ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. 5,000ದ ಫೋನು ಒಂದೂಕಾಲು ಸಲದ ಆಸುಪಾಸು ತುಂಬಿದರೆ ಪವರ್‌ಬ್ಯಾಂಕ್ ಸರಿಯಿದೆ. ತೀರಾ ಕಡಿಮೆ ಬಂದರೆ ಮೊದಲು ಕೇಬಲ್ ಬದಲಿಸಿ ನೋಡಿ. ಆಮೇಲೆ ಹಿಂಭಾಗದಲ್ಲಿ ‘ಆರ್’ ಅಕ್ಷರ ಮತ್ತು 8 ಅಂಕಿಯ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಅದು ನಮ್ಮ ಕಪಾಟಿಗೆ ಬರಲೇಬಾರದಿತ್ತು, ಸಪ್ಲೈಯರನ್ನೇ ಕೇಳಿ.

ಎರಡನೆಯದ್ದರಲ್ಲಿ ಪರೀಕ್ಷೆ, ಲೆಕ್ಕ ಯಾವುದೂ ಇಲ್ಲ. ಹೊಟ್ಟೆ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, "ಒಂದ್ಸಲ ಚಾರ್ಜ್ ಹಾಕಿ ನೋಡೋಣ" ಅನ್ನಬೇಡಿ. ವಾಪಸ್ ಬಂದ ಸಾಮಾನಿನ ಡಬ್ಬಕ್ಕೆ ಎಸೆಯಲೂ ಬೇಡಿ, ಆ ಡಬ್ಬದ ಪಕ್ಕದಲ್ಲೇ ಇಡೀ ಸೆಮಿಸ್ಟರಿನ ನೋಟ್‌ಬುಕ್ಕಿನ ಬಂಡಲ್ ಇರುತ್ತದೆ. ನಾವು ಹಿತ್ತಲಿನ ಸಿಮೆಂಟ್ ಕಟ್ಟೆಯ ಮೇಲೆ ಒಣ ಮರಳು ತುಂಬಿದ ಹಳೆಯ ಬಿಸ್ಕೆಟ್ ಡಬ್ಬ ಇಟ್ಟಿದ್ದೇವೆ, ಮಳೆ ಬೀಳದ ಹಾಗೆ ತಗಡಿನಡಿ. ಉಬ್ಬಿದ್ದು ಅಲ್ಲಿಗೆ ಹೋಗಿ, ಇ-ತ್ಯಾಜ್ಯ ಒಯ್ಯುವ ಅಧಿಕೃತರು ಬರುವವರೆಗೆ ಅಲ್ಲೇ ಇರುತ್ತದೆ. ಹೊಗೆ ಬರಲು ಶುರುವಾದರೆ ಸಾಮಾನು ಉಳಿಸಲು ನಿಲ್ಲದೆ ಎಲ್ಲರನ್ನೂ ಹೊರಗೆ ಕಳಿಸಿ, ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ.